ಜೀಪು ಬಂದಾಗ ಎದ್ದು ಹೋಗುತ್ತಿದ್ದ ಮೇಷ್ಟ್ರು

ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಹುಣಸೂರಿನ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಯುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆದು, ಮೆಷಿನ್‌ಗಳ ಮೇಲಿನ ಬಟ್ಟೆ ಸರಿಸಿ, ಬ್ರಷ್‌ನಿಂದ ಮರದ ಹೊಟ್ಟು ಕೊಡವುತ್ತೇನೆ. ಎದುರಿಗೆ ಮರ ಕೊಯ್ಯುವ ಮಿಲ್ಲು ಇರುವುದರಿಂದ ಎಷ್ಟು ಮುಚ್ಚಿಟ್ಟರೂ ಹೊಟ್ಟು ಒಳಗೆ ಬಂದೇ ಬರುತ್ತದೆ. ಮೊದಲು ಈ ಕೆಲಸ ಅವರದಾಗಿತ್ತು. ಬಾಗಿಲಿಗೆ ಎದುರಾಗಿರುವ ದೊಡ್ಡ ಕುರ್ಚಿಯಲ್ಲಿ ನಾನು ಕೂರುವುದಿಲ್ಲ. ಪಕ್ಕಕ್ಕೆ ಒಂದು ಸ್ಟೂಲು ಹಾಕಿಕೊಂಡಿದ್ದೇನೆ.

ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿರುವ ಶಿಕ್ಷಣ ಇಲಾಖೆಯ ಮಾನ್ಯತೆಯ ಪತ್ರದಲ್ಲಿ ಕನ್ನಡ ಬೋಧಕರು ಎಂದು ಇರುವುದು ನನ್ನ ಹೆಸರು. ಅವರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಊರಿನವರಿಗೆ ಮಾತ್ರ ಅವರೇ ಮೇಷ್ಟ್ರು, ನಾನು ಮೇಷ್ಟ್ರ ಹೆಂಡತಿ. ಇದು ಹೇಗಾಯಿತು ಎಂದು ಬರೆದಿಡಬೇಕೆನಿಸಿದೆ. ಬೇರೆಯವರು ಬರೆದದ್ದನ್ನು ಟೈಪ್ ಮಾಡಿ ಗೊತ್ತೇ ಹೊರತು ಸ್ವಂತವಾಗಿ ಬರೆದು ನನಗೆ ಅಭ್ಯಾಸವಿಲ್ಲ.

ನನ್ನ ತವರು ಕೃಷ್ಣರಾಜನಗರದ ಹತ್ತಿರದ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮದುವೆಯಾಗಿ ಹುಣಸೂರಿಗೆ ಬಂದೆ. ಆಗ ಅವರು ಒಂದು ಹೊಗೆಸೊಪ್ಪಿನ ವ್ಯಾಪಾರದ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ಕೆಲವು ವರ್ಷಗಳಲ್ಲಿ ಆ ಆಫೀಸು ಮುಚ್ಚಿತು. ಅಲ್ಲಿನ ಹಳೆಯ ಮೆಷಿನ್‌ಗಳನ್ನೇ ಕೊಂಡು ತಂದು ಮನೆಯ ಮುಂದಿನ ಹಜಾರದಲ್ಲಿ ಕ್ಲಾಸು ಶುರು ಮಾಡಿದರು. ಇಂಗ್ಲಿಷ್ ಟೈಪಿಂಗ್‌ನಲ್ಲಿ ಸೀನಿಯರ್ ಪರೀಕ್ಷೆ ಪಾಸಾಗಿದ್ದರಿಂದ ಮಾನ್ಯತೆ ಸಿಗುವುದು ಆಗ ಕಷ್ಟವಾಗಲಿಲ್ಲ. ಪಿರಿಯಾಪಟ್ಟಣದಿಂದಲೂ ಹುಡುಗರು ಬಸ್ಸು ಹಿಡಿದು ಬರುತ್ತಿದ್ದರು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಅವರ ಬೆರಳಿಗೆಲ್ಲ ಕಪ್ಪು ಅಂಟು ಮೆತ್ತಿರುತ್ತಿತ್ತು. ಇವರು ಬಾಗಿಲ ಬಳಿ ನೀರು, ಸೀಗೆಪುಡಿ ಇಟ್ಟು ಕಾಯುತ್ತಿದ್ದರು.

"ಕೈ ಉಜ್ಜಿ ತೊಳ್ಕಂಡ್ ಬನ್ರೋ. ನಿಮ್ಗಿರೋ ಬೀಡಿ ಚಟ ಮೆಷಿನ್‌ಗೂ ಹತ್ತಿಸ್ಬೇಡಿ."

"ನಾವ್ ಬೀಡಿ ಸೇದಲ್ಲ ಮೇಷ್ಟ್ರೇ!"

"ಸೇದಲ್ಲ ಕಣೋ, ಬಾಯಿ ಮುಚ್ಕಂಡ್ರೆ ವಾಸ್ನೇನೂ ಬರಲ್ಲ."

ಅವರು ಬೈದು ಪಾಠ ಹೇಳಿದವರಲ್ಲ. ಹುಡುಗರ ಹಿಂದೆ ನಿಧಾನವಾಗಿ ಓಡಾಡುತ್ತಿದ್ದರು. ಯಾರಾದರೂ ಕೆಳಗೆ ನೋಡಿ ಅಕ್ಷರ ಹುಡುಕಿದರೆ ಅವರ ಗಲ್ಲ ಹಿಡಿದು ಮೇಲೆತ್ತುತ್ತಿದ್ದರು, ಅಷ್ಟೆ.

ಆಮೇಲೆ ಸರ್ಕಾರಿ ಕಚೇರಿಗಳ ಕಾಗದಗಳೆಲ್ಲ ಕನ್ನಡಕ್ಕೆ ತಿರುಗತೊಡಗಿದವು. ಕನ್ನಡ ಟೈಪಿಂಗ್ ಬಂದರೆ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಗುತ್ತದೆ ಎಂದು ಹುಡುಗರು ಕೇಳಿಕೊಂಡು ಬರತೊಡಗಿದರು. ಇವರು ಒಂದು ಕನ್ನಡ ಮೆಷಿನ್ ತಂದರು. ಕಲಿಸಿಕೊಡುವವರು ಯಾರೂ ಇರಲಿಲ್ಲ. ತಾವೇ ಕೂತು ಕಲಿತರು. ಇಂಗ್ಲಿಷಿನಲ್ಲಿ ಒಂದು ಬಡಿತಕ್ಕೆ ಒಂದು ಅಕ್ಷರ. ಕನ್ನಡದಲ್ಲಿ ಮೊದಲು ಅಕ್ಷರದ ಮೈ ಹೊಡೆದು, ಆಮೇಲೆ ಮೇಲಿನ ತಲೆಕಟ್ಟನ್ನೋ ಗುಡಿಸನ್ನೋ ಬೇರೆಯಾಗಿ ಹೊಡೆಯಬೇಕು. ನಿಧಾನವಾಗಿ ಹೊಡೆದರೆ ಅವರ ಹಾಳೆ ಅಚ್ಚುಕಟ್ಟಾಗಿ ಬರುತ್ತಿತ್ತು. ಅದನ್ನು ಹಾಗೆಯೇ ಹುಡುಗರಿಗೂ ಹೇಳಿಕೊಟ್ಟರು.

ಹೇಳಿಕೊಟ್ಟರೆ ಸಾಲದು. ಕನ್ನಡಕ್ಕೆ ಬೇರೆಯಾಗಿ ಮಾನ್ಯತೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ನಮ್ಮಲ್ಲಿ ಕಲಿತವರನ್ನು ನಮ್ಮ ಕಡೆಯಿಂದ ಪರೀಕ್ಷೆಗೆ ಕಳಿಸುವ ಹಾಗಿಲ್ಲ. ಅರ್ಜಿ ಹಾಕಿದರು. ಬಹಳ ದಿನ ಕಾದು, ಮೈಸೂರಿನ ಕಚೇರಿಗೆ ಹೋದರು. ನಾನೂ ಜೊತೆಯಲ್ಲಿದ್ದೆ. ಅಲ್ಲಿನ ಗುಮಾಸ್ತರು ಅರ್ಜಿಯನ್ನು ಹುಡುಕಿ ತೆಗೆದು, "ಬೋಧಕರು ಕನ್ನಡದಲ್ಲಿ ಸೀನಿಯರ್ ಪಾಸಾಗಿರಬೇಕು. ನೀವು ಆಗಿಲ್ವಲ್ಲ ಸ್ವಾಮಿ" ಎಂದರು.

"ಕನ್ನಡದ ಪರೀಕ್ಷೆ ಶುರುವಾಗಿದ್ದೇ ಈಚೆಗೆ ಸಾರ್. ಹಳಬರಲ್ಲಿ ಪಾಸಾದೋರು ಯಾರಿದಾರೆ?"

"ಅದೇ ತೊಂದ್ರೆ ಆಗಿರೋದು ನೋಡಿ. ಯಾರೂ ಇಲ್ಲ."

"ಮತ್ತೆ ಕಲಿಸೋರ್ ಯಾರು?"

"ಪಾಸಾದೋರು."

"ಅವರಿಗೆ ಕಲಿಸೋರು?"

ಗುಮಾಸ್ತರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ಸಾಕಾಗಿತ್ತೆಂದು ಕಾಣುತ್ತದೆ. ದನಿ ತಗ್ಗಿಸಿ, "ಇಲ್ಲೊಬ್ಬ ಹುಡುಗ ಪಾಸಾಗಿದಾನೆ. ಅವನ ಹೆಸರು ಹಾಕ್ಕೊಳ್ಳಿ. ಅವನು ಬರೋದೂ ಬೇಡ, ಕಲಿಸೋದೂ ಬೇಡ. ನಾಲ್ಕು ಕಡೆ ಹೀಗೇ ನಡೀತಿದೆ" ಎಂದರು.

ಇವರು ಕೈಮುಗಿದು ಎದ್ದು ಬಂದರು. ಬಸ್ಸು ಬಿಳಿಕೆರೆ ದಾಟಿದ ಮೇಲೆ, "ಮುಖಾನೇ ನೋಡದೋನ ಹೆಸರಲ್ಲಿ ಪಾಠ ಹೇಳಕ್ಕಾಯ್ತದಾ? ನಾನೇ ಪರೀಕ್ಷೆ ಕಟ್ತೀನಿ ಬುಡು" ಎಂದರು. "ನೀನೂ ಕಟ್ಟು, ಜೊತೆಗಿರ್ತೀಯ" ಎಂದು ಸೇರಿಸಿದರು.

ಹಾಗೆ ನಾನು ಕಲಿತೆ. ಮಧ್ಯಾಹ್ನ ಊಟವಾದ ಮೇಲೆ ಹುಡುಗರು ಬರುವವರೆಗೆ ಹಜಾರ ಖಾಲಿ ಇರುತ್ತಿತ್ತು. ಎದುರಿನ ಮಿಲ್ಲೂ ಆ ಹೊತ್ತಿಗೆ ನಿಂತಿರುತ್ತಿತ್ತು. ಅವರು ಓದಿ ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ನನ್ನ ಗಲ್ಲವನ್ನೂ ಹುಡುಗರ ಗಲ್ಲದಂತೆಯೇ ಹಿಡಿದು ಮೇಲೆತ್ತುತ್ತಿದ್ದರು. ನನಗೆ ಇಂಗ್ಲಿಷ್ ಟೈಪಿಂಗ್ ಬರುತ್ತಿರಲಿಲ್ಲ. ನನ್ನ ಬೆರಳಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ.

ಆಗ ಪರೀಕ್ಷೆಗೆ ಮೆಷಿನ್ನನ್ನು ನಾವೇ ಹೊತ್ತುಕೊಂಡು ಹೋಗಬೇಕಿತ್ತು. ಅದರ ಮೇಲ್ಭಾಗ ಅತ್ತಿತ್ತ ಓಡದಂತೆ ದಾರದಿಂದ ಬಿಗಿದು, ಕಂಬಳಿ ಸುತ್ತಿ, ಬಸ್ಸಿನಲ್ಲಿ ಇಬ್ಬರೂ ಸರದಿಯ ಮೇಲೆ ತೊಡೆಯ ಮೇಲಿಟ್ಟುಕೊಂಡೆವು. ಕಂಡಕ್ಟರು ಕಂಬಳಿಯ ತುದಿ ಎತ್ತಿ ನೋಡಿ, "ಇದ್ಕೂ ಅರ್ಧ ಟಿಕೆಟ್ ತಗಳಿ ಯಜಮಾನ್ರೇ. ಎಂಥಾ ತೂಕದ ಮಗ!" ಎಂದ. ಬಸ್ಸಿನಲ್ಲಿದ್ದವರು ನಕ್ಕರು. ಇವರೂ ನಕ್ಕರು. ನಮಗೆ ಮಕ್ಕಳಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿದೆ.

ಒಂದೇ ಕನ್ನಡ ಮೆಷಿನ್ ಇದ್ದದ್ದರಿಂದ ನಮ್ಮಿಬ್ಬರನ್ನು ಬೇರೆ ಬೇರೆ ಸರದಿಗೆ ಹಾಕಿದ್ದರು. ಮೊದಲು ಅವರು ಬರೆದರು. ನಾನು ಹೊರಗೆ ಮರದ ಕೆಳಗೆ ಕೂತಿದ್ದೆ. ಒಳಗೆ ಅಷ್ಟೂ ಮೆಷಿನ್ ಒಟ್ಟಿಗೆ ಬಡಿಯುವ ಸದ್ದು ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳುತ್ತಿತ್ತು. ಹೊರಗೆ ಬಂದಾಗ ಅವರ ಅಂಗಿಯ ಬೆನ್ನು ಪೂರ್ತಿ ನೆನೆದಿತ್ತು.

"ಹೆಂಗಾಯ್ತ್ರೀ?"

"ಮೊದಲ ನಾಲ್ಕು ಸಾಲು ಚೆನ್ನಾಗಿ ಬಂತು. ಆಮೇಲೆ ಜೋರು ಹಿಡೀತು ನೋಡು, ಕೈ ಇಂಗ್ಲಿಷ್ ಕಡೆ ಓಡೋಯ್ತು. ಅರ್ಧಕ್ಕರ್ಧ ಅಕ್ಷರಕ್ಕೆ ತಲೆಕಟ್ಟೇ ಇಲ್ಲ." ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. "ಇವು ನನ್ ಮಾತು ಕೇಳಲ್ಲ ಕಣೆ. ಹಳೇ ಎತ್ತಿನ ಹಾಗೆ. ಗೊತ್ತಿರೋ ಹೊಲಕ್ಕೇ ಹೋಯ್ತವೆ."

ಅವರು ಫೇಲಾದರು. ನಾನು ಪಾಸಾದೆ. ಫಲಿತಾಂಶ ತಿಳಿದ ದಿನ ಅವರೇ ಪಕ್ಕದ ಟೀ ಅಂಗಡಿಗೆ ಹೋಗಿ ಹೇಳಿ ಬಂದರು. ಅಂಗಡಿಯವನು ನಮ್ಮ ಬಾಗಿಲಿಗೇ ಬಂದು, "ಏನ್ ಮೇಷ್ಟ್ರೇ, ಇಷ್ಟ್ ದಿನ ಮನೇಲಿ ಬೈಸ್ಕತಿದ್ರಿ, ಇನ್ಮೇಲೆ ಕ್ಲಾಸಲ್ಲೂ ಬೈಸ್ಕಳಿ" ಎಂದ. "ಅಭ್ಯಾಸ ಅದೆ ಬುಡಪ್ಪ" ಎಂದರು. ಮತ್ತೊಮ್ಮೆ ಕಟ್ಟಿದರು. ಮತ್ತೆ ಕಂಬಳಿ, ಮತ್ತೆ ಬಸ್ಸು. ಮತ್ತೆ ಅದೇ ಆಯಿತು. ಅಷ್ಟು ಹೊತ್ತಿಗೆ ಕನ್ನಡ ಬೇಕೆಂದವರು ಒಬ್ಬೊಬ್ಬರಾಗಿ ಮೈಸೂರಿನ ಕಡೆ ಹೋಗತೊಡಗಿದ್ದರು. ಬಸ್ಸಿನ ಖರ್ಚಿಗೆ ಇಲ್ಲದವರು ಕಲಿಯುವುದನ್ನೇ ಬಿಟ್ಟರು. ಉಳಿದ ಕೆಲವರಿಗೆ ಪರೀಕ್ಷೆ ಹತ್ತಿರವಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಹೊಸ ಅರ್ಜಿಯನ್ನು ಅವರೇ ಟೈಪ್ ಮಾಡಿ ತಂದು ನನ್ನ ಮುಂದಿಟ್ಟರು. ಬೋಧಕರ ಜಾಗದಲ್ಲಿ ನನ್ನ ಹೆಸರಿತ್ತು. ಒಂದು ತಪ್ಪೂ ಇರಲಿಲ್ಲ. ನಿಧಾನವಾಗಿ ಹೊಡೆದಿದ್ದರು.

"ಇದು ಬೇಡ ಅಂದ್ರೆ?" ಎಂದೆ.

"ಆ ಮೈಸೂರಿನ ಹುಡುಗನ ಹೆಸರಿಗಿಂತ ವಾಸಿ ಅಲ್ವಾ? ನೀನಾದ್ರೆ ಇಲ್ಲೇ ಇರ್ತೀಯ, ಕಲಿಸ್ತೀಯ. ಸುಳ್ಳು ಅನ್ನಂಗಿಲ್ಲ." ನಾನು ಸಹಿ ಹಾಕಿದೆ.

ತನಿಖೆಗೆ ಇಲಾಖೆಯ ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆಯೇ ಅವರು ನನ್ನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಕನ್ನಡದಲ್ಲಿ ಪಾಸಾಗದವರು ಕಲಿಸುತ್ತಾರೆಂದು ತಿಳಿದರೆ ಮಾನ್ಯತೆ ತಪ್ಪಿಹೋಗುತ್ತದೆ, ಅದಕ್ಕೆ ತಾವು ಟೀ ಅಂಗಡಿಯಲ್ಲಿರುತ್ತೇನೆ ಎಂದು ಹುಡುಗರಿಗೂ ಹೇಳಿದರು. ಜೀಪಿನ ಸದ್ದು ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿ ಹೊರಟುಹೋದರು.

ಇನ್‌ಸ್ಪೆಕ್ಟರು ಕೆಟ್ಟವರಲ್ಲ, ಇವರ ಗುರುತೂ ಅವರಿಗಿರಲಿಲ್ಲ. ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನ ಸರ್ಟಿಫಿಕೇಟು ನೋಡಿದರು, ಕಿಟಕಿ ನೋಡಿದರು, ಹುಡುಗರಿಗೆ ಟೈಪ್ ಮಾಡಲು ಹೇಳಿದರು. ಎಲ್ಲ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ಒಬ್ಬ ಹುಡುಗಿಯ ಮೆಷಿನ್‌ನಲ್ಲಿ ರಿಬ್ಬನ್ ಸಿಕ್ಕಿಕೊಂಡಿತು. ಹಂಪಾಪುರದ ಕಡೆಯವಳು, ಹುಣಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕಲಿಯುತ್ತಿದ್ದಳು. ಅಭ್ಯಾಸ ಬಲದಿಂದ ಬಾಗಿಲ ಕಡೆ ತಿರುಗಿ ಕೂಗಿಬಿಟ್ಟಳು: "ಮೇಷ್ಟ್ರೇ, ರಿಬ್ಬನ್ ಸಿಕ್ಕಾಕ್ಕಂಡದೆ, ವಸಿ ಬನ್ನಿ!"

ಅವರೂ ಅಭ್ಯಾಸ ಬಲದಿಂದಲೇ ಬಂದುಬಿಟ್ಟರು. ಟೀ ಲೋಟ ಕೈಯಲ್ಲೇ ಇತ್ತು. ಹೊಸ್ತಿಲು ದಾಟಿದ ಮೇಲೆ ಇನ್‌ಸ್ಪೆಕ್ಟರನ್ನು ಕಂಡು ನಿಂತರು. ಎಲ್ಲರ ಬೆರಳೂ ನಿಂತಿತು.

"ಯಾರಿವರು?" ಎಂದು ಇನ್‌ಸ್ಪೆಕ್ಟರು ನನ್ನನ್ನು ಕೇಳಿದರು.

ನಾನು ಬಾಯಿ ತೆಗೆಯುವ ಮೊದಲೇ ಇವರೇ ಹೇಳಿದರು: "ಮೆಷಿನ್ ರಿಪೇರಿಯವನು ಸ್ವಾಮಿ."

"ಹೌದಾ? ಒಳ್ಳೇದು. ಎಣ್ಣೆ ಜಾಸ್ತಿ ಬಿಡಬೇಡಪ್ಪ, ಹಾಳೆಗೆಲ್ಲ ಹತ್ತುತ್ತೆ."

"ಆಗ್ಲಿ ಸ್ವಾಮಿ."

ಲೋಟವನ್ನು ಕಿಟಕಿಯ ಮೇಲಿಟ್ಟು, ಬಗ್ಗಿ, ರಿಬ್ಬನ್ ಬಿಡಿಸಿದರು. ಯಾರ ಮುಖವನ್ನೂ ನೋಡದೆ ಲೋಟ ತೆಗೆದುಕೊಂಡು ಹೊರಗೆ ಹೋದರು. ಇನ್‌ಸ್ಪೆಕ್ಟರು ಮುಂದಿನ ಪ್ರಶ್ನೆ ಕೇಳಿದರು. ನಾನು ಉತ್ತರ ಹೇಳಿದೆ.

ಜೀಪು ಹೋದ ಮೇಲೆ ಆ ಹುಡುಗಿ ಅಳುತ್ತಿದ್ದಳು. "ಅದ್ಯಾಕಂಗಂದ್ರಿ ಮೇಷ್ಟ್ರೇ? ನಂದೇ ತಪ್ಪು."

"ಅಂದಿದ್ರಲ್ಲಿ ಸುಳ್ಳೇನದೆ? ರಿಪೇರಿ ಮಾಡಲ್ವಾ ನಾನು? ಹೊಡಿ ಹೊಡಿ, ಕೆಳಗೆ ನೋಡ್ಬೇಡ."

ಮಾನ್ಯತೆ ಬಂತು. ಆ ಸಲ ನಮ್ಮ ಹುಡುಗರೂ ಆ ಹುಡುಗಿಯೂ ನಮ್ಮ ಕಡೆಯಿಂದಲೇ ಪರೀಕ್ಷೆಗೆ ಹೋದರು. ಕ್ಲಾಸು ಮೊದಲಿನಂತೆ ತುಂಬಿತು. ಕಲಿಸುವವರು ಅವರೇ, ಸಹಿ ಹಾಕುವವಳು ನಾನು. ಮತ್ತೆ ಪರೀಕ್ಷೆ ಕಟ್ಟಿ ಎಂದು ಹೇಳಿ ನೋಡಿದೆ. "ಸಾಕು ಕಣೆ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಆದರೆ ಒಂದು ಅಭ್ಯಾಸ ಅವರಿಗೆ ಅಂಟಿಕೊಂಡಿತು. ಬೀದಿಯಲ್ಲಿ ಜೀಪು ನಿಂತ ಸದ್ದಾದರೆ ಸಾಕು, ಪಾಠ ಹೇಳುತ್ತಿದ್ದವರು ಕುರ್ಚಿ ಬಿಟ್ಟು ಎದ್ದು ಹೋಗುತ್ತಿದ್ದರು. ಕಾಕನಕೋಟೆ ಕಡೆಯಿಂದ ಮಿಲ್ಲಿಗೆ ಬರುವ ಮರದ ವ್ಯಾಪಾರಿಗಳ ಜೀಪುಗಳೇ ಹೆಚ್ಚು. ಆ ಇನ್‌ಸ್ಪೆಕ್ಟರು ಆಮೇಲೆ ಯಾವತ್ತೂ ಬರಲಿಲ್ಲ. ಆದರೂ ಹೋಗುತ್ತಿದ್ದರು. ಟೀ ಅಂಗಡಿಯವನು ಮೊದಮೊದಲು, "ಬಂದ್ರಾ ರಿಪೇರಿ ಸಾಹೇಬ್ರು" ಎಂದು ತಮಾಷೆ ಮಾಡುತ್ತಿದ್ದ. ಬರುಬರುತ್ತಾ ಅವನೂ ಸುಮ್ಮನೆ ಒಂದು ಲೋಟ ಟೀ ಕೊಡತೊಡಗಿದ.

ಹೋದ ವರ್ಷ ಅವರ ಕಾಯಿಲೆ ಜೋರಾದಾಗ ಹಜಾರದ ಹಿಂದಿನ ಕೋಣೆಯಲ್ಲಿ ಮಲಗಿಸಿದ್ದೆವು. ಮೆಷಿನ್‌ಗಳ ಸದ್ದಿನಿಂದ ತೊಂದರೆಯಾಗುತ್ತದೆ, ಕ್ಲಾಸು ನಿಲ್ಲಿಸೋಣ ಎಂದರೆ ಒಪ್ಪಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಾ ಮಲಗಿರುತ್ತಿದ್ದರು. ಒಂದು ದಿನ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಹೊರಗೆ ಜೀಪು ಬಂದು ನಿಂತಿತು. ಅವರು ಕೈ ಊರಿ ಎದ್ದೇಳಲು ನೋಡಿದರು. ಆಗಲಿಲ್ಲ.

"ಚಪ್ಪಲಿ ಎಲ್ಲದೆ ನೋಡು."

"ಮಿಲ್ಲಿಗೆ ಬಂದಿರೋ ಜೀಪು, ಮಲಗಿ."

"ಇನ್‌ಸ್ಪೆಕ್ಟ್ರಾದ್ರೆ?"

"ಆದ್ರೆ ಆಗ್ಲಿ. ಒಳಗೇ ಕರ್ಕಂಡ್ ಬತ್ತೀನಿ. ಇವರೇ ಮೇಷ್ಟ್ರು, ಇಷ್ಟೂ ಜನಕ್ಕೆ ಕಲಿಸಿದ್ದು ಇವರೇ, ನನಗೆ ಕಲಿಸಿದ್ದೂ ಇವರೇ ಅಂತೀನಿ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಅಷ್ಟು ಬಲ ಇನ್ನೂ ಇದೆಯೆಂದು ನಾನು ತಿಳಿದಿರಲಿಲ್ಲ.

"ಅನ್ಬೇಡ ಕಣೆ" ಎಂದರು. "ಹುಡುಗರ ಪರೀಕ್ಷೆ ಹತ್ರ ಬಂದದೆ."