ಹತ್ತಿ ಜಿನ್ನಿನ ಹೊಂಡ

೧೯೬೩ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಸರ್ಕಾರಿ ಓವರ್‌ಸಿಯರ್ ಆಗಿದ್ದೆ. ವಯಸ್ಸು ಇಪ್ಪತ್ತಾರು, ಸಿಟ್ಟು ಮೂಗಿನ ತುದಿಯಲ್ಲಿ. ಹಳೇ ಹುಬ್ಬಳ್ಳಿಯ ಅಂಚಿನಲ್ಲಿ ಮುಚ್ಚಿಹೋದ ಹತ್ತಿ ಜಿನ್ ಒಂದಿತ್ತು, ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆ. ಯಂತ್ರಗಳು ಹರಾಜಾಗಿ ಹತ್ತು ವರ್ಷ ಕಳೆದಿದ್ದವು. ಬಾಯ್ಲರಿಗೆ ನೀರೊದಗಿಸುತ್ತಿದ್ದ ಹೊಂಡವನ್ನೂ ಮುಚ್ಚಿ, ಉಳಿದ ಆರು ಎಕರೆಯನ್ನು ಮಟ್ಟಮಾಡಿ ಪ್ಲಾಟು ಹಾಕಬೇಕೆಂದು ಆದೇಶ ಬಂತು.

ಅದಕ್ಕೆ ಮೊದಲು ಪಂಚನಾಮೆ ಆಗಬೇಕು. ಅಂದರೆ ನೆರೆಯ ಇಬ್ಬರು ಪಂಚರನ್ನು ಸಾಕ್ಷಿಯಾಗಿಟ್ಟುಕೊಂಡು ಸ್ಥಳ ನೋಡಿ, ಕಂಡದ್ದನ್ನು ಬರೆದು, ಅವರ ಸಹಿ ಪಡೆಯುವುದು. ನಮ್ಮ ರೂಢಿಯೇ ಬೇರೆ: ಕಚೇರಿಯಲ್ಲೇ ಬರೆದಿಟ್ಟು ಸಹಿಗಷ್ಟೇ ಹೋಗುವುದು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? 'ಬೂದಿ ತುಂಬಿದ ನಿರುಪಯೋಗಿ ಜಾಗ, ಗಿಡಮರ ಏನೂ ಇಲ್ಲ' ಎಂದು ಬರೆದುಕೊಂಡು ಸೈಕಲ್ ಹತ್ತಿದೆ.

ಮೊದಲ ಪಂಚರು ಕಿರಾಣಿ ಅಂಗಡಿಯವರು. ಓದದೆ ಸಹಿ ಹಾಕಿದರು. ಎರಡನೆಯವರು ಖಾದರಸಾಬರು, ಅದೇ ಜಿನ್ನಿನ ಹಳೆಯ ಬಾಯ್ಲರ್ ಮಿಸ್ತ್ರಿ. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಸಾಹೇಬ್ರ, ಇದಕ್ಕ ನಾ ಸಹಿ ಮಾಡಾಂಗಿಲ್ರಿ. ಒಳಗ ಬಂದು ನೋಡ್ರಿ."

ಮೈ ಉರಿಯಿತು. ಆದರೆ ಅವರ ಸಹಿಯಿಲ್ಲದೆ ಕಾಗದ ಮುಂದೆ ಹೋಗುವಂತಿರಲಿಲ್ಲ, ಅವರ ಹಿಂದೆ ನಡೆದೆ. ಕುಸಿದ ಗೋಡೆ ದಾಟಿ ಒಳಗೆ ಕಾಲಿಟ್ಟೆ. ಬೂದಿಗುಡ್ಡೆಯ ಮೇಲೆಲ್ಲ ಜಾಲಿ, ಬೇವು, ಹೊಂಗೆ. ಹೊಂಡದ ತುಂಬ ನೀರು, ದಂಡೆಯಲ್ಲಿ ಕೊಕ್ಕರೆ. ಊರಿನ ಗದ್ದಲ ಗೋಡೆಯಾಚೆಗೇ ನಿಂತಿತ್ತು.

"ಮನ್ಯಾಗ ಹನ್ನೊಂದು ಮಂದಿ ಅದೀವ್ರಿ. ಮೂವತ್ತು ವರ್ಷ ಇಂಜಿನ್ ಸಪ್ಪಳದಾಗ ಕಳದೇನಿ. ದಿನಾ ಒಂದು ತಾಸು ಇಲ್ಲಿ ಕುಂತ್ರ ನಾನೂ ಮನಶ್ಯಾ ಅನ್ನಿಸ್ತೈತ್ರಿ. ಪ್ಲಾಟ್ ಮಾಡ್ರಿ, ಬ್ಯಾಡ ಅನ್ನಾಂವ ನಾ ಯಾರು? ಆದ್ರ ಏನೂ ಇಲ್ಲ ಅಂತ ಬರೀಬ್ಯಾಡ್ರಿ."

ನನಗೆ ನಾಚಿಕೆಯಾಯಿತು. ಇಬ್ಬರು ಪಂಚರನ್ನೂ ಕೂಡಿಸಿಕೊಂಡು ಮರ ಎಣಿಸಿದೆ: ಅರವತ್ತೆರಡು. ಹೊಂಡದ ಆಳ ಅಳೆದು, ಎಲ್ಲವನ್ನೂ ಹೊಸದಾಗಿ ಬರೆದೆ. ಕಿರಾಣಿಯವರು ಗೊಣಗುತ್ತಲೇ ಮತ್ತೊಮ್ಮೆ ಸಹಿ ಮಾಡಿದರು.

"ಪ್ಲಾಟ್ ಅಳೀಲಿಕ್ಕೆ ಕಳಿಸಿದ್ರ ಗಿಡಾ ಎಣಿಸಿ ಬಂದೀರೇನ್ರಿ?" ಎಂದು ಮೇಲಧಿಕಾರಿಗಳು ಸಿಡುಕಿದರು. ಆದರೆ ಸಹಿಯಾದ ಪಂಚನಾಮೆಯನ್ನು ಪಕ್ಕಕ್ಕಿಡುವುದು ಅವರಿಗೂ ಸಾಧ್ಯವಿರಲಿಲ್ಲ; ನೀರೂ ಮರಗಳೂ ದಾಖಲಾದ ಜಾಗವನ್ನು ನಿರುಪಯೋಗಿ ಎಂದು ಪೂರ್ತಿ ಮಟ್ಟಮಾಡಿಸುವಂತಿರಲಿಲ್ಲ. ಕೊನೆಗೆ ನಾಲ್ಕು ಎಕರೆ ಪ್ಲಾಟಾಯಿತು. ಹೊಂಡ ಮತ್ತು ಸುತ್ತಲಿನ ಎರಡು ಎಕರೆ ಉಳಿದವು.

ಸುದ್ದಿ ಹೇಳಲು ನಾನೇ ಓಡಿದೆ. ಖಾದರಸಾಬರು ದಂಡೆಯ ಮೇಲೆ ಕೂತಿದ್ದರು.

"ಛಲೋ ಆತ್ರಿ. ಕುಂದರ್ರಿ. ಆದ್ರ ಮಾತಾಡಬ್ಯಾಡ್ರಿ."

ಕಾಲಿಟ್ಟು ನೋಡದ ನೆಲದ ಬಗ್ಗೆ ಒಂದು ಅಕ್ಷರವನ್ನೂ ಬರೆಯಬಾರದೆಂದು ನೌಕರಿ ಕಲಿಸಿದ್ದು ಅಲ್ಲಿ. ಬೆಳಗಾವಿಗೆ ವರ್ಗವಾಗುವವರೆಗೆ, ಮೂರು ವರ್ಷ, ಪ್ರತಿ ರವಿವಾರ ಹೋಗಿ ಅವರ ಪಕ್ಕದಲ್ಲಿ ಕೂತೆ. ನಾವಿಬ್ಬರೂ ಹತ್ತು ಮಾತು ಆಡಿರಲಿಕ್ಕಿಲ್ಲ. ಅಂಥ ಗೆಳೆಯ ಮತ್ತೆ ಯಾವ ಊರಿನಲ್ಲೂ ನನಗೆ ಸಿಗಲಿಲ್ಲ.