ಹೊಸ ಮಷಿನ್ ತನಗಂತ ಇಟ್ಟುಕೊಂಡದ್ದು

ಇಳಕಲ್ಲಿನ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಕೆಟ್ಟರೆ ಜನ ಮೊದಲು ನನ್ನನ್ನು ನೆನೆಯುತ್ತಿದ್ದರು, ದೇವರನ್ನು ಆಮೇಲೆ. ಈ ಸುದ್ದಿ ಹಬ್ಬಿಸಿದವನೂ ನಾನೇ. ಹಾಗಾಗಿ ಅವ್ವನ ಹಳೆಯ ಮಷಿನ್ ಬದಲಿಸುವ ಕೆಲಸ ನನಗೇ ಬಿತ್ತು. ಅವ್ವ ಸೀರೆಯ ಅಂಚು, ಸೆರಗಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೇಕಾರರಿಗೆ ಕೊಡುತ್ತಾಳೆ.

ಹುನಗುಂದದ ಅಂಗಡಿಯಲ್ಲಿ ಅವ್ವ ಕೇಳಿದ್ದು ಒಂದೇ ಮಾತು. "ಇದು ತನಗಂತ ಎಷ್ಟ ಇಟ್ಕೊಂತೈತಿ?"

ಅವಳು ನೇಕಾರರ ಮನೆಯ ಮಗಳು. ಮಗ್ಗಕ್ಕೆ ಸೀರೆಯ ಉದ್ದದಷ್ಟೇ ನೂಲು ಹೂಡಿದರೆ ಸಾಲದು. ಕೊನೆಯ ಒಂದಷ್ಟು ನೂಲು ಮಗ್ಗದಲ್ಲೇ ಸಿಕ್ಕಿಕೊಂಡು ಉಳಿಯುತ್ತದೆ. ಮಗ್ಗ ಬದಲಾದರೆ ಆ ಅಳತೆಯೂ ಬದಲು. ಅದನ್ನು ಕೇಳಿಕೊಂಡೇ ನೂಲು ಅಳೆಯುತ್ತಾರೆ.

ನಾನು ಅಂಗಡಿಯ ಗಾಜು ನಡುಗುವಂತೆ ನಕ್ಕೆ. "ಯವ್ವಾ, ಇದೇನ್ ಮಗ್ಗ ಅಲ್ಲ. ಹಳೇದ್ರಾಗ ನಾಕ್ ಜಿಬಿ ಮೆಮೊರಿ ಇತ್ತು, ಇದ್ರಾಗೂ ನಾಕ್. ಮುಗೀತು!" ಅವ್ವನ ಚಿತ್ರಗಳನ್ನು ಹೊಸದಕ್ಕೆ ಹಾಕಿಸಿಕೊಂಡು, ಹಳೆಯದನ್ನು ಅಲ್ಲೇ ಕೊಟ್ಟು ಬಂದೆವು.

ಮುಂದಿನ ವಾರ ಬಾಗಲಕೋಟೆಯ ಸೀರೆ ವ್ಯಾಪಾರಿ ಮೂರು ಗಂಟೆಗೆ ಬರುವವರಿದ್ದರು. ಅವ್ವ ನಾಲ್ಕು ತಿಂಗಳು ಕೂತು ಬಿಡಿಸಿದ ಸೀರೆಯನ್ನು ಅವರು ಅಂಚಿನಿಂದ ಸೆರಗಿನವರೆಗೆ ಒಟ್ಟಿಗೆ ನೋಡಿ ಒಪ್ಪಿದರೆ, ಅವಳಿಗೆ ವರ್ಷವಿಡೀ ಕೆಲಸ. ಅಂದು ಬೆಳಿಗ್ಗೆ ಅವ್ವ ಆ ಸೀರೆಯ ಫೈಲ್ ಒತ್ತಿದಳು. ಮೆಮೊರಿ ಸಾಲದು ಎಂದು ಬಂತು. ನಾನು ಸಾವಿರ ಸಲವಾದರೂ ಆರಿಸಿ ಹಚ್ಚಿದೆ, ಊದಿದೆ, ಬೆನ್ನು ತಟ್ಟಿದೆ, ಕೈ ಮುಗಿದೆ. ಕಡೆಗೆ ಲೆಕ್ಕ ತೆಗೆದು ನೋಡಿದೆ. ಹಳೆಯದರಲ್ಲಿ ಚಿತ್ರ ತೋರಿಸುವ ಕಾರ್ಡಿಗೆ ಅದರದೇ ಮೆಮೊರಿ ಇತ್ತು. ಹೊಸದರಲ್ಲಿ ಆ ಕಾರ್ಡೇ ಇಲ್ಲ. ಮಷಿನ್ ಎದ್ದ ಕೂಡಲೇ ಚಿತ್ರ ತೋರಿಸಲು ಆ ನಾಲ್ಕರಲ್ಲೇ ತನ್ನ ಪಾಲು ಎತ್ತಿಟ್ಟುಕೊಳ್ಳುತ್ತದೆ. ಹೊಸ ವಿಂಡೋಸ್‌ನ ಹೊಟ್ಟೆಯೂ ದೊಡ್ಡದು. ನಮ್ಮ ಸೀರೆಗೆ ಉಳಿದದ್ದು ಕರವಸ್ತ್ರದಷ್ಟು ಜಾಗ.

ಮಷಿನನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಹುನಗುಂದದ ಬಸ್ಸು ಹತ್ತಿದೆ. ಪಕ್ಕದ ಅಜ್ಜಿ ಮರುಗಿದಳು. "ದವಾಖಾನಿಗೇನಪಾ?"

"ಹೂಂ ಆಯಿ. ಭಾಳ ಸೀರಿಯಸ್ ಐತಿ."

ನಗಿಸಲು ಹೇಳಿ ಗಡಿಯಾರ ನೋಡಿದೆ.

ಅಂಗಡಿಯವರು ಹಳೆಯ ಮಷಿನನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಿದ್ದರು. ಅದರ ಮೆಮೊರಿ ಪಟ್ಟಿಯೊಂದು ಡಬ್ಬಿಯಲ್ಲಿತ್ತು, ಆದರೆ ಹೊಸದರಲ್ಲಿ ಕೂರಲಿಲ್ಲ. ನಾನು ಜೋರಾಗಿ ಒತ್ತಿದೆ.

"ಏ ಏ, ಮುರೀತೀಯಲೇ! ಇದರಾಗ ಪಟ್ಟಿ ಕೂಡೋ ಖಾಚೇನ ಬ್ಯಾರೆ. ಬಾಗಲಕೋಟಿಯಿಂದ ತರಿಸ್ತೇನಿ, ನಾಳಿ ಬಾ."

"ಅಣ್ಣಾ, ಮೂರಕ್ಕ ಬೇಕ್ರಿ!"

"ಮೂರಕ್ಕ ಅಂದ್ರ ನಾ ಏನ್ ನೇಯ್ದು ಕೊಡ್ಲೇನು?"

ಮನೆ ಸೇರಿದಾಗ ವ್ಯಾಪಾರಿ ಆಗಲೇ ಕುರ್ಚಿಯಲ್ಲಿದ್ದರು. ಅವ್ವ ಕೈಯಲ್ಲಿ ಬರೆದ ಕಚ್ಚಾ ಹಾಳೆಗಳನ್ನು ನೆಲದ ತುಂಬ ಹರಡಿ ತೋರಿಸುತ್ತಿದ್ದಳು. ಅವರು ಅಂಚಿನ ಹಾಳೆಗಳನ್ನಷ್ಟೇ ಎತ್ತಿಕೊಂಡರು.

"ತಂಗಿ, ಇಷ್ಟ ನೀ ಮಾಡು. ಪೂರಾ ಸೆರಗು ಕಣ್ಣಿಗೆ ಕಾಣದ ನಾ ಹೆಂಗ ಹೂಂ ಅನ್ನಲಿ? ಅದನ್ನ ಕೆರೂರಾಗ ಚಿತ್ರಾ ಬಿಡಸಾವ್ರಿಗೆ ಹೇಳ್ತೇನಿ. ಯಾರ್ ಆರಿಸಿದ್ರು ಈ ಮಷಿನ್?"

"ನಾನ ರೀ," ಅಂದಳು ಅವ್ವ, ನನ್ನ ಕಡೆ ನೋಡದೆ.

ನನ್ನ ಬಾಯಿ, ಅಂಗಡಿ ನಡುಗಿಸುವ ಬಾಯಿ, ತೆರೆಯಿತು. "ಅಲ್ರಿ ಕಾಕಾ, ನಾ ಆರಿಸಿದ್ದು. ಅವ್ವ ಕೇಳಿದ್ಲು, ನಾ ನಕ್ಕೆ."

ಅವರು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡರು. "ಮುಂದಿನ ಸಲ ನೋಡೂಣು," ಎಂದು ಚಪ್ಪಲಿ ಮೆಟ್ಟಿದರು. ಅವ್ವ ಸೆರಗಿನ ಹಾಳೆಗಳನ್ನು ಒಂದೊಂದಾಗಿ ಎತ್ತತೊಡಗಿದಳು. ನಾನು ಕೈ ಹಾಕಿದಾಗ ಅರ್ಧ ಹಾಳೆಗಳನ್ನು ನನ್ನ ಕಡೆ ಸರಿಸಿದಳು.