ಕರ್ಪೂರದ ವಾಸನೆಯ ಬಾಸಿಂಗ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲ್ಲಿ ಲೊಚಗುಟ್ಟಿದರೆ ಎದೆ ಹಾರುತ್ತದೆ, ಬಾಗಿಲು ಯಾರಾದರೂ ಸ್ವಲ್ಪ ಜೋರಾಗಿ ತಟ್ಟಿದರೆ ತವರಿನಿಂದ ಕೆಟ್ಟ ಸುದ್ದಿಯೇ ಬಂತು ಎಂದು ಕೈಕಾಲು ತಣ್ಣಗಾಗುತ್ತವೆ. ಇಂಥವಳನ್ನು ದೇವರು ತಂದು ಹಾಕಿದ್ದು ಹೆದರಿಕೆ ಎಂದರೇನೆಂದೇ ಗೊತ್ತಿಲ್ಲದ ಅತ್ತೆಯ ಕೈಗೆ.

ಶಿರಸಿಯ ನಮ್ಮ ಮನೆಯಲ್ಲಿ ಗಂಡಸರದು ಗಂಧದ ಮರದ ಕೆತ್ತನೆ, ಹೆಂಗಸರದು ಬೆಂಡಿನ ಕೆಲಸ. ಕೆರೆಯಲ್ಲಿ ಬೆಳೆಯುವ ಬೆಂಡಿನ ಗಿಡದ ಬಿಳಿ ತಿರುಳನ್ನು ಹಾಳೆಯ ಹಾಗೆ ತೆಳ್ಳಗೆ ಸೀಳಿ, ಹೂವು, ಎಸಳು, ಗಿಳಿ ಮಾಡಿ, ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುವುದು. ಅದರಲ್ಲಿ ನಮ್ಮತ್ತೆಯನ್ನು ಮೀರಿಸುವವರು ಇರಲಿಲ್ಲ. ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ವಿಧವೆ ಮಾಡಿದ ಬಾಸಿಂಗ ಎಲ್ಲರಿಗೂ ಬೇಕು, ಅದನ್ನು ಕಟ್ಟುವ ಹೊತ್ತಿಗೆ ಮಾತ್ರ ವಿಧವೆ ಚಪ್ಪರದೊಳಗೆ ಕಾಲಿಡಬಾರದು. ಈ ನ್ಯಾಯ ನನಗೆ ಯಾವತ್ತೂ ಅರ್ಥವಾಗಿಲ್ಲ. ಆದರೆ ನನಗೆ ಅರ್ಥವಾಗಲಿ ಎಂದು ಯಾರು ಕಾಯುತ್ತಿದ್ದರು?

ಅರವತ್ತರ ದಶಕದ ಆರಂಭದಲ್ಲಿ ನಮ್ಮಲ್ಲಿಗೆ ಬಂದಿದ್ದ ಟೆಂಟ್ ಸಿನೆಮಾದವರು ಹೊರಡುವಾಗ ಹರಿದ ಹಳೆಯ ರೀಲುಗಳನ್ನು ಬಯಲಿನಲ್ಲೇ ಎಸೆದು ಹೋದರು. ಅತ್ತೆ ಅವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಂದರು. ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರು. ರಾಜನ ಕಿರೀಟ, ರಾಣಿಯ ಕಣ್ಣು ಎಲ್ಲ ಕರಗಿ ನೀರು ಕಪ್ಪಾಯಿತು, ಉಳಿದದ್ದು ಗಾಜಿನಂಥ ಪಟ್ಟಿ. ಆಗ ನಮಗೆ ಇಂಥದ್ದೆಲ್ಲ ಪ್ಲಾಸ್ಟಿಕ್ಕೇ, ಬೇರೆ ಬೇರೆ ಹೆಸರು ಯಾರಿಗೆ ಗೊತ್ತಿತ್ತು. ಬಿಸಿನೀರಿನಲ್ಲಿ ಅದ್ದಿದರೆ ಹೇಳಿದ ಹಾಗೆ ಬಗ್ಗುತ್ತಿತ್ತು, ತಣ್ಣಗಾದರೆ ಹಾಗೇ ನಿಲ್ಲುತ್ತಿತ್ತು. ಅತ್ತೆ ತಾಮ್ರದ ಸಣ್ಣ ತಂತಿಯಿಂದ ಪಟ್ಟಿಗೆ ಪಟ್ಟಿ ಹೊಲಿದು ಒಂದು ಕೊಕ್ಕರೆ ಮಾಡಿದರು. ಆಮೇಲೆ ಕೊಡ ಹೊತ್ತ ಹೆಂಗಸು. ಅವಳಿಗೆ ಮುಖವೇ ಇಲ್ಲ, ಕೊಡದೊಳಗಿಂದ ಅವಳ ಕೈ ಕಾಣುತ್ತಿತ್ತು, ಎದೆಯೊಳಗಿಂದ ನಮ್ಮ ಮನೆಯ ಕಿಟಕಿ ಕಾಣುತ್ತಿತ್ತು.

"ಇದು ಎಂತಕ್ಕೆ ಅಬ್ಬೆ?" ಎಂದು ತಾಯಿಯನ್ನು ಕೇಳಿದರು ನನ್ನ ಗಂಡ.

"ಎಂತಕ್ಕೂ ಅಲ್ಲ. ನೋಡೂಕೆ."

"ದೇವ್ರಲ್ಲ, ಆಟದ ಸಾಮಾನಲ್ಲ. ಇದನ್ನ ಯಾರು ತಗೊಳ್ತಾರೆ?"

"ನಾ ಯಾರಿಗೆ ಕೊಡ್ತೆ ಅಂದೆ?"

ಅವರು ಉಳಿ ಹಿಡಿದುಕೊಂಡು ಗೊಣಗುತ್ತ ಹೋದರು. ನನಗೋ ಆ ಮುಖವಿಲ್ಲದ ಹೆಂಗಸನ್ನು ಕಂಡರೆ ಮೈ ಜುಂ ಎನ್ನುತ್ತಿತ್ತು. ಆದರೆ ಒಂದು ಮಾತು ಒಪ್ಪಬೇಕು, ಅದರ ವಾಸನೆ ಚೆನ್ನಾಗಿತ್ತು. ಕತ್ತರಿಸುವಾಗ ಕರ್ಪೂರದ ಪರಿಮಳ ಬರುತ್ತಿತ್ತು. ಅತ್ತೆ ಮೂಸಿ ಮೂಸಿ ನೋಡಿ, "ಶುದ್ಧ ವಸ್ತು ಇದು, ಶುಭಕ್ಕೆ ಆಗ್ತದೆ" ಎಂದು ತೀರ್ಪು ಕೊಟ್ಟರು. ನಾನೂ ಹೌದು ಎಂದು ತಲೆಯಾಡಿಸಿದೆ.

ಆ ಬೇಸಿಗೆಯಲ್ಲಿ ಸಿದ್ದಾಪುರದ ಕಡೆಯ ಕೋಲಸಿರ್ಸಿಯಿಂದ ತಾಯಿ ಮಗಳಿಬ್ಬರು ಬಾಸಿಂಗ ಹೇಳಿಹೋಗಲು ಬಂದರು. ಗದ್ದೆ ಬೇಸಾಯದ ಮನೆಯವರು. ಮದುಮಗಳು ನಗುನಗುತ್ತ ಮಾತಾಡುವ ಹುಡುಗಿ. ಮಾತಾಡುವಾಗ ಕಿಟಕಿಯಲ್ಲಿದ್ದ ಕೊಕ್ಕರೆಯನ್ನು ಕಂಡವಳು ಅಲ್ಲಿಂದ ಕಣ್ಣು ಕೀಳಲಿಲ್ಲ. ತನಗೆ ಇಂಥದ್ದರಲ್ಲೇ ಬಾಸಿಂಗ ಬೇಕು ಎಂದು ಹಟ ಹಿಡಿದಳು. ಗಂಡಿನ ಕಡೆಯವರು ಹಳೆಯ ಕ್ರಮ ಬಿಡುವವರಲ್ಲ, ಅವನಿಗೆ ಬೆಂಡಿನದೇ ಇರಲಿ ಎಂದು ತಾಯಿ ಹೇಳಿದರು. ಹುಡುಗಿಗೆ ಮಾತ್ರ ಗಾಜಿನಂಥ ಬಾಸಿಂಗ. ಅತ್ತೆ ಕೆಂಪು, ಹಸಿರು ಬಣ್ಣದಲ್ಲಿ ಪಟ್ಟಿಗಳನ್ನು ಅದ್ದಿ, ಎಸಳಿನ ಮೇಲೆ ಎಸಳು ಕೂಡಿಸಿ ಮಾಡಿದರು. ಬೆಳಕಿಗೆ ಹಿಡಿದರೆ ಗೋಡೆಯ ಮೇಲೆಲ್ಲ ಬಣ್ಣ ಓಡಾಡುತ್ತಿತ್ತು. ಮದುವೆಯ ಹಿಂದಿನ ದಿನ ಹುಡುಗಿಯ ಸೋದರಮಾವ ಬಂದು ಎರಡನ್ನೂ ಜೋಪಾನವಾಗಿ ತೆಗೆದುಕೊಂಡು ಹೋದ.

ಮದುವೆಯ ದಿನ ಬೆಳಿಗ್ಗೆ ನಾನು ಕೆಲಸದ ಜಗಲಿ ಗುಡಿಸಿದೆ. ಬೆಂಡಿನ ಚೂರು ಒಲೆ ಹೊತ್ತಿಸಲು ಒಳ್ಳೆಯದು, ಹಾಗಾಗಿ ಜಗಲಿಯ ಕಸ ಬಚ್ಚಲ ಒಲೆಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಆ ದಿನದ ಕಸದಲ್ಲಿ ಬಾಸಿಂಗದ ಪಟ್ಟಿಯ ಚೂರುಗಳೇ ಹೆಚ್ಚಿದ್ದವು. ಮೊರದಿಂದ ಒಲೆಗೆ ಸುರಿದೆ, ಅಷ್ಟೆ. ಭಗ್ ಎಂದು ಬೆಂಕಿ ಒಲೆಯ ಬಾಯಿಂದ ಹೊರಗೆ ನುಗ್ಗಿತು. ನಾನು ಹಿಂದಕ್ಕೆ ಬಿದ್ದೆ. ಹುಬ್ಬು ಸುಟ್ಟು ಹೋಗಿತ್ತು. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಉರಿಯೂ ಇಲ್ಲ, ಚೂರೂ ಇಲ್ಲ.

ಅತ್ತೆ ಓಡಿ ಬಂದರು. ನನ್ನ ಮುಖ ನೋಡಿದರು, ಒಲೆ ನೋಡಿದರು. ಇನ್ನೊಂದು ತುಂಡು ಪಟ್ಟಿ ತಂದು ಇಕ್ಕಳದಲ್ಲಿ ಹಿಡಿದು ಕೆಂಡಕ್ಕೆ ತಾಗಿಸಿದರು. ಮತ್ತೆ ಭಗ್. ಕರ್ಪೂರ ಇರುವುದೇ ಉರಿಯಲಿಕ್ಕೆ ಎಂದು ದಿನಾ ಆರತಿ ಎತ್ತುವ ನಮಗೆ ಗೊತ್ತಿರಲಿಲ್ಲವೆ? ಪರಿಮಳ ಬಂತೆಂದು ಶುಭ ಎಂದುಕೊಂಡೆವು, ಅದಕ್ಕಿಂತ ಮುಂದೆ ನಮ್ಮ ತಲೆ ಓಡಲಿಲ್ಲ.

"ಐದು ಜನ ಮುತ್ತೈದೇರು ಆರತಿ ಎತ್ತುದು ಹಣೆ ಹತ್ರನೇ" ಎಂದರು ಅತ್ತೆ. ನಮ್ಮ ಕಡೆಯ ಮದುವೆಯಲ್ಲಿ ಧಾರೆಗೆ ಮೊದಲು ಹೊತ್ತಿಸಿದ ಬತ್ತಿಯ ತಟ್ಟೆಯನ್ನು ಮದುಮಗಳ ಮುಖಕ್ಕೆ ತಾಗುವಷ್ಟು ಹತ್ತಿರ ಎತ್ತುತ್ತಾರೆ. ಬಾಸಿಂಗವನ್ನೋ ತಲೆಯ ಹಿಂದೆ ಬಿಗಿಯಾಗಿ ಗಂಟು ಹಾಕಿರುತ್ತಾರೆ. ತಲೆಗೆ ಎಣ್ಣೆ ಹಚ್ಚಿರುತ್ತಾರೆ.

ಗಂಡ ಗಂಧದ ಮರದ ಡಿಪೋಗೆ ಹೋಗಿದ್ದರು. ಇಬ್ಬರೇ ಹೊರಟೆವು. ಸಿದ್ದಾಪುರದ ಬಸ್ಸಿನಲ್ಲಿ ಮದುವೆಯ ಕಾಲದ ಜಾತ್ರೆಯಂಥ ಜನ. ಹಾವೇರಿ ಕಡೆಯ ಕಂಡಕ್ಟರು "ಒಳಗ ಬರ್ರಿ, ಒಳಗ ಸರೀರ್ರಿ" ಎನ್ನುತ್ತ ಪ್ರತಿ ತಿರುವಿನಲ್ಲಿ ನಿಲ್ಲಿಸಿ ಇನ್ನಷ್ಟು ಜನರನ್ನು ತುಂಬುತ್ತಿದ್ದ. ಅವನ ಸೀಟಿ ಕಿತ್ತು ಎಸೆಯೋಣ ಎನಿಸಿತು. ಕಣ್ಣು ಮುಚ್ಚಿದರೆ ಆ ಹುಡುಗಿಯ ನಗುವ ಮುಖ, ತೆರೆದರೆ ಎದುರು ಸೀಟಿನವಳ ಮಡಿಲಲ್ಲಿ ಮದುವೆಗೆ ಒಯ್ಯುವ ಹೊಸ ದೀಪದ ಕಂಬ. ನಾನು ನಮಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ಬೀಳುತ್ತ ಏಳುತ್ತ ಓಡಿದೆವು. ವಾಲಗ ಕೇಳಿಸುತ್ತಿತ್ತು. ವಾಲಗ ಇದೆ ಎಂದರೆ ಇನ್ನೂ ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚಪ್ಪರದ ಬೇಲಿಯ ಹತ್ತಿರ ಅತ್ತೆ ನಿಂತುಬಿಟ್ಟರು. "ನಾ ಒಳಗೆ ಬರುವ ಹಾಂಗಿಲ್ಲ. ನೀ ಹೋಗು. ಬಿಚ್ಚಿಸು."

ನಾನು ಹೋದೆ. ಹುಡುಗಿ ಮಣೆಯ ಮೇಲೆ ಕೂತಿದ್ದಳು, ಹಣೆಯ ಮೇಲೆ ಅತ್ತೆಯ ಬಾಸಿಂಗ ಥಳಥಳ ಹೊಳೆಯುತ್ತಿತ್ತು. ಜನ ಅದನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಅವಳು ನಕ್ಕಳು. ನಾನು ಅವಳ ತಾಯಿಯ ಸೆರಗು ಹಿಡಿದು ಪಕ್ಕಕ್ಕೆ ಎಳೆದೆ.

"ಬಾಸಿಂಗ ಸ್ವಲ್ಪ ಬಿಚ್ಚಬೇಕಿತ್ತು" ಎಂದೆ.

"ಧಾರೆ ಆಗೂಕೆ ಮುಂಚೆ ಬಾಸಿಂಗ ಬಿಚ್ಚೂದಾ? ಎಂತ ಮಾತಾಡ್ತೆ ನೀನು?"

"ಸಡಿಲ ಇದೆ, ಅದಕ್ಕೆ."

"ನಾನೇ ಗಂಟು ಹಾಕಿದ್ದು. ಸಡಿಲ ಎಂತಕ್ಕೆ ಆಗ್ತದೆ?"

ಬೆಂಕಿ ಹತ್ತುತ್ತದೆ ಎಂದು ಹೇಳಬೇಕಿತ್ತು. ಮದುವೆಯ ಮಂಟಪದಲ್ಲಿ, ಮಣೆಯ ಮೇಲೆ ಕೂತ ಮದುಮಗಳ ಎದುರು ಆ ಮಾತನ್ನು ಹೇಗೆ ಆಡುವುದು? ಹೇಳಿದರೆ ಅಪಶಕುನ ನುಡಿದವಳು ನಾನು, ಹೇಳದಿದ್ದರೆ ಮುಖ ಸುಡುವುದು ಅವಳದು. ಇಷ್ಟು ಸುಲಭದ ಲೆಕ್ಕ ನನಗೆ ಬಿಡಿಸಲಾಗಲಿಲ್ಲ. ಅಷ್ಟರಲ್ಲಿ ಆರತಿಯ ತಟ್ಟೆ ಬಂತು. ಮೊದಲನೆಯ ಮುತ್ತೈದೆ ಬತ್ತಿ ಹೊತ್ತಿಸಿದಳು. ಹಾಡು ಶುರುವಾಯಿತು. ನಾನು ಬೇಲಿಯ ಕಡೆ ತಿರುಗಿ ನೋಡಿದೆ.

ನನ್ನ ಮುಖ ನೋಡಿಯೇ ಅತ್ತೆಗೆ ತಿಳಿಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ನೇರ ಒಳಗೆ ಬಂದರು. ಹಾಡು ಅರ್ಧಕ್ಕೆ ನಿಂತಿತು. ಜನ ಅವರನ್ನು ತಡೆಯಬೇಕಿತ್ತು, ಆದರೆ ಮುಟ್ಟಲು ಹೆದರಿ ದಾರಿ ಬಿಟ್ಟರು. ಅತ್ತೆ ಆರತಿ ತಟ್ಟೆಗೆ ಬೆನ್ನು ಕೊಟ್ಟು ನಿಂತು, ಸೊಂಟದಲ್ಲಿದ್ದ ಬೆಂಡು ಸೀಳುವ ಕತ್ತಿಯಿಂದ ಹುಡುಗಿಯ ತಲೆಯ ಹಿಂದಿನ ದಾರ ಕುಯ್ದರು. ಬಾಸಿಂಗ ಕೈಯಲ್ಲಿ ಹಿಡಿದು ಅಂಗಳಕ್ಕೆ ನಡೆದರು.

ಗಂಡಿನ ಸೋದರಮಾವ ಬಯ್ಯುತ್ತ ಬೆನ್ನು ಹತ್ತಿದ. ಯಾರೋ ಅತ್ತೆಯ ಹೆಸರು ಹಿಡಿದು ಶಪಿಸಿದರು. ಅತ್ತೆ ಬಾಸಿಂಗವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಅಡುಗೆಯ ಒಲೆಯಿಂದ ಒಂದು ಕೊಳ್ಳಿ ತಂದು ಮುಟ್ಟಿಸಿದರು. ಬೆಂಕಿ ಆಳೆತ್ತರ ಎದ್ದು ನಿಂತಿತು. ಬಯ್ಯುತ್ತಿದ್ದವನ ಮಾತು ಮುಗಿಯುವುದರೊಳಗೆ ಎಲ್ಲ ಮುಗಿದಿತ್ತು, ಕಲ್ಲಿನ ಮೇಲೆ ಕರಿ ಮತ್ತು ಸುಟ್ಟ ತಂತಿ ಉಳಿದಿತ್ತು. ಹುಡುಗಿಯ ತಾಯಿ ಇದ್ದಲ್ಲೇ ಕುಸಿದು ಕೂತರು.

ಹುಡುಗಿಯ ಹಣೆಗೆ ಮಲ್ಲಿಗೆಯ ದಂಡೆ ಕಟ್ಟಿ ಧಾರೆ ಎರೆದರು. ನಮ್ಮನ್ನು ಯಾರೂ ಬಯ್ಯಲಿಲ್ಲ, ಯಾರೂ ಊಟಕ್ಕೆ ಏಳಿ ಎಂದೂ ಹೇಳಲಿಲ್ಲ. ಹೊರಟು ನಿಂತಾಗ ಗಂಡಿನ ಅಜ್ಜಿ ನಮಗೆ ಕೇಳುವ ಹಾಗೆ ಪಕ್ಕದವಳಿಗೆ ಹೇಳಿದಳು: "ಮುಖ ಉಳೀತು, ಹೌದು. ಆದ್ರೆ ಧಾರೆಗೆ ಮುಂಚೆ ಬಾಸಿಂಗ ಬಿಚ್ಚಿದ್ದು ಯಾವ ಕೈ? ನಾಳೆ ನಮ್ಮ ಹುಡುಗನಿಗೆ ಎಂತಾದ್ರೂ ಆದ್ರೆ?"

ಆ ಮಾತು ನಮ್ಮ ಜೊತೆಗೇ ಬಸ್ಸು ಹತ್ತಿತು.

ಅಲ್ಲಿಂದ ಶುರುವಾಯಿತು ನಿಜವಾದ ಹೆದರಿಕೆ. ಬೆಂಕಿಯದಾದರೆ ಒಂದು ಹೊತ್ತಿನದು, ಇದು ದಿನಾ ಇರುವಂಥದ್ದು. ಗುರುತು ಪರಿಚಯವಿಲ್ಲದ ಒಬ್ಬ ಹುಡುಗನ ಜೀವದ ಮೇಲೆ ನಮ್ಮ ಅತ್ತೆಯ ಮರ್ಯಾದೆ ನಿಂತುಬಿಟ್ಟಿತು. ಅವನು ಮರ ಹತ್ತಿದನೋ, ಹೊಳೆಗೆ ಇಳಿದನೋ ಎಂದು ನಾನು ಇಲ್ಲಿ ಶಿರಸಿಯಲ್ಲಿ ಕೂತು ನಡುಗುತ್ತಿದ್ದೆ. ಸಿದ್ದಾಪುರದಿಂದ ಬಂದವರನ್ನೆಲ್ಲ ಸುತ್ತಿ ಬಳಸಿ ವಿಚಾರಿಸುತ್ತಿದ್ದೆ. ಅತ್ತೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಾನು ಬಂದು ಹೇಳುವವರೆಗೆ ಕೈಯ ಕೆಲಸ ಮಾತ್ರ ನಿಲ್ಲಿಸಿರುತ್ತಿದ್ದರು. ಬಾಸಿಂಗ ಕೇಳುವವರು ಕಡಿಮೆಯಾದರು, ಆಮೇಲೆ ಇಲ್ಲವೇ ಇಲ್ಲ.

ಉಳಿದ ರೀಲು, ಕೊಕ್ಕರೆ, ಮುಖವಿಲ್ಲದ ಹೆಂಗಸು ಎಲ್ಲವನ್ನೂ ಅತ್ತೆ ಹಿತ್ತಿಲಲ್ಲಿ ಹೂತರು. ಇನ್ನು ಮುಗಿಯಿತು ಎಂದುಕೊಂಡೆ. ಎಲ್ಲಿಯ ಮಾತು! ಒಡೆದ ಪ್ಲಾಸ್ಟಿಕ್ ಬಕೆಟ್ಟು, ಹಲ್ಲು ಮುರಿದ ಬಾಚಣಿಗೆ, ತುಂಡು ಬಳೆ ಎಂದು ಹೊಸದಾಗಿ ಕೂಡಿಹಾಕಲು ಶುರುಮಾಡಿದರು. ಒಂದೊಂದರ ಚೂರನ್ನೂ ಮೊದಲು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸುವರು. ಕೆಲವು ತೊಟ್ಟು ತೊಟ್ಟಾಗಿ ಕರಗುತ್ತಿದ್ದವು, ಕೆಲವು ಹೊಗೆ ಬಿಟ್ಟು ನಾರುತ್ತಿದ್ದವು. ಭಗ್ ಎಂದದ್ದು ಹಿತ್ತಿಲಿಗೆ. ಉಳಿದದ್ದನ್ನು ಕಾದ ಕಬ್ಬಿಣದಿಂದ ಬೆಸೆದು ಹೆಂಗಸರನ್ನು ಮಾಡಿದರು, ಕೊಡ ಹಿಡಿದು ನಿಲ್ಲುವ, ಅಡ್ಡ ನಿಲ್ಲುವ, ಬೆನ್ನು ತೋರಿಸಿ ನಿಲ್ಲುವ ಹೆಂಗಸರು. ಜಗಲಿಯ ತುಂಬ ಅವರೇ. ಕೊಳ್ಳುವವರು ಬಿಡಿ, ನೋಡುವವರೂ ಇರಲಿಲ್ಲ.

ಮಾರನೆಯ ವರ್ಷದ ಮಳೆಗಾಲದಲ್ಲಿ ಸುದ್ದಿ ಬಂತು, ಹುಡುಗನಿಗೆ ಜ್ವರ, ಮೇಲೇಳುತ್ತಿಲ್ಲ. ಆ ದಿನ ಒಲೆಯ ಮೇಲಿನ ಅನ್ನ ಇಳಿಸಲು ನನಗೆ ನೆನಪಾಗಲಿಲ್ಲ. ಅತ್ತೆ ದೇವರ ಎದುರು ಕೂತವರು ಏಳಲೇ ಇಲ್ಲ. ಏನು ಬೇಡಿಕೊಂಡರೋ, ನಾನು ಕೇಳಲಿಲ್ಲ. ಆಮೇಲೆ ಬಹಳ ದಿನ ಆ ಕಡೆಯಿಂದ ಯಾರೂ ಬರಲಿಲ್ಲ. ಬಂದರೂ ಕೇಳುವ ಧೈರ್ಯ ನನಗಿರಲಿಲ್ಲ.

ಮಳೆ ಹಿಂದಾದ ಮೇಲೆ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ನಡುಗುತ್ತಲೇ ತೆಗೆದೆ. ಅದೇ ಹುಡುಗಿ. ಹಣೆಯಲ್ಲಿ ಕುಂಕುಮ ಇದೆಯೋ ಎಂದು ಮೊದಲು ನೋಡಿದೆ, ಇತ್ತು. ಅವಳ ಹಿಂದೆ ಕಡ್ಡಿಯಂತೆ ಬಡಕಲಾದ ಗಂಡ ಕೊಡೆ ಊರಿಕೊಂಡು ನಿಂತಿದ್ದ. ಅವನನ್ನು ಕಂಡು ನನಗೆ ಆದ ಸಂತೋಷ ನನ್ನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

ಹುಡುಗಿ ಅತ್ತೆಯ ಎದುರು ನೆಲದಲ್ಲೇ ಕೂತಳು. "ತಂಗಿ ಮದುವೆ ಗೊತ್ತಾಗಿದೆ. ಬಾಸಿಂಗ ನೀವೇ ಮಾಡ್ಬೇಕು. ಬಂದು ಕಟ್ಟೂದೂ ನೀವೇ."

"ಬೇಡ ಮಗಾ" ಎಂದರು ಅತ್ತೆ. "ಜನ ಸುಮ್ನಿರೂದಿಲ್ಲ. ನಾಳೆ ಎಂತಾದ್ರೂ ಆದ್ರೆ, ನಂಗೆ ಇನ್ನೊಂದ್ಸಲ ಆಗೂದಿಲ್ಲ. ನಂಗೆ ಹೆದರಿಕೆ."

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹುಡುಗಿ ಅತ್ತೆಯ ಬಲಗೈ ಹಿಡಿದು ತನ್ನ ಹಣೆಯ ಮೇಲೆ ಇಟ್ಟುಕೊಂಡಳು. ಸುಟ್ಟ ಕಲೆ ಇಲ್ಲದ, ನುಣುಪಾದ ಹಣೆ. ಅತ್ತೆ ಕೈ ಎಳೆದುಕೊಳ್ಳಲು ನೋಡಿದರು, ಅವಳು ಬಿಡಲಿಲ್ಲ.

"ಬೆಂಡಿನದೇ ಮಾಡ್ತೆ" ಎಂದರು ಅತ್ತೆ.

"ಬೆಂಡೂ ಸುಡ್ತದೆ ಅಲ್ದ?" ಎಂದು ಹುಡುಗಿ ನಕ್ಕಳು.

"ಸುಡ್ತದೆ. ಆದ್ರೆ ಕೂಗಿ ಹೇಳೂಕೆ ಪುರುಸೊತ್ತು ಕೊಡ್ತದೆ."

ಅಷ್ಟು ಹೇಳಿದ ಅತ್ತೆ ಅವಳ ಹಣೆಯ ಮೇಲಿದ್ದ ಕೈಯನ್ನು ತೆಗೆಯದೆ ಅಳತೊಡಗಿದರು.